ಅವರೆಕಾಳು ಹಿತುಕುವ ಪುಟ್ಟ ಬೆರಳು

ಮೂರರಿಂದ ಆರು ವರ್ಷದ ಮಕ್ಕಳಿಗೆ ಮನೆಯಲ್ಲೇ ಮಾಡಲು ಕೊಡಬಹುದಾದ ಕೆಲಸಗಳಲ್ಲಿ ಅವರೆಕಾಳು ಹಿತುಕುವುದಕ್ಕೆ ಸಾಟಿಯಾದದ್ದು ಕಡಿಮೆ. ನವೆಂಬರ್ ಮುಗಿಯುವ ಹೊತ್ತಿಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸಂತೆಗಳಿಗೆ ಸೊಗಡಿನ ಅವರೆಕಾಯಿ ಬರತೊಡಗುತ್ತದೆ. ಸಂಕ್ರಾಂತಿ ಕಳೆಯುವವರೆಗೂ ಮನೆಮಂದಿ ಮೊರದ ಸುತ್ತ ಕೂತು ಕಾಯಿ ಸುಲಿಯುವುದು ಇಲ್ಲಿನ ಸಂಜೆಗಳ ವಾಡಿಕೆ. ಸುಲಿದ ಕಾಳನ್ನು ರಾತ್ರಿಯೆಲ್ಲ ನೆನೆಹಾಕಿ, ಬೆಳಗ್ಗೆ ಒಂದೊಂದಾಗಿ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಪಟಕ್ಕನೆ ಹಾರುತ್ತದೆ.

ಮೊದಲ ಸಲ ಕೂತ ಮಗುವಿನ ಬೇಳೆ ಬಟ್ಟಲಿಗೆ ಬೀಳುವುದಿಲ್ಲ, ಗೋಡೆಗೆ ಬಡಿಯುತ್ತದೆ. ಎಷ್ಟು ಒತ್ತಬೇಕು, ಯಾವ ತುದಿಯನ್ನು ಹಿಡಿಯಬೇಕು ಎಂಬುದನ್ನು ಬಾಯಿಮಾತಿನಲ್ಲಿ ಹೇಳಿಕೊಡಲು ಬರುವುದಿಲ್ಲ. ಹತ್ತಿಪ್ಪತ್ತು ಕಾಳು ಆಗುವಷ್ಟರಲ್ಲಿ ಬೆರಳೇ ಅದನ್ನು ಕಂಡುಕೊಳ್ಳುತ್ತದೆ. ಮುಂದೆ ಬಳಪ, ಪೆನ್ಸಿಲ್ ಹಿಡಿಯಲು ಬೇಕಾಗುವುದೂ ಇದೇ ಬೆರಳುಗಳ ಹಿಡಿತ. ಸಿಪ್ಪೆ ಒಂದು ಕಡೆ, ಬೇಳೆ ಇನ್ನೊಂದು ಕಡೆ ಎಂದು ವಿಂಗಡಿಸುವುದೂ ಇದರಲ್ಲೇ ಸೇರಿದೆ. ಕಾಯಿ ಬಿಡಿಸುವಾಗ ಒಳಗಿನಿಂದ ಹಸಿರು ಹುಳು ಹೊರಬಂದರೆ ಅದನ್ನು ತಕ್ಷಣ ಎಸೆಯುವ ಅವಸರ ಬೇಡ. ಅದು ಎಲ್ಲಿಂದ ಒಳಹೊಕ್ಕಿತು, ಏನು ತಿಂದಿತು ಎಂದು ತೂತನ್ನು ಹುಡುಕುತ್ತ ಮಗು ಬಹಳ ಹೊತ್ತು ಕೂರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಗು ಹಿತುಕಿದ ಬೇಳೆ ಮಧ್ಯಾಹ್ನ ಹಿತಕವರೆ ಸಾರಾಗಿ ಎಲ್ಲರ ತಟ್ಟೆಗೂ ಬರುತ್ತದೆ. ಅಂಗಡಿಯಿಂದ ತಂದ ಯಾವ ಆಟಿಕೆಗೂ ಈ ಗೌರವ ಸಿಗುವುದಿಲ್ಲ.

ಮನೆಗೆಲಸವನ್ನೇ ಶಿಶುಶಿಕ್ಷಣದ ಭಾಗವಾಗಿಸಿದವರಲ್ಲಿ ಮರಿಯಾ ಮಾಂಟೆಸರಿ ಪ್ರಮುಖರು. 1907ರಲ್ಲಿ ರೋಮ್‌ನ ಬಡವರ ಬಡಾವಣೆಯಲ್ಲಿ ಅವರು ತೆರೆದ ಮಕ್ಕಳ ಮನೆಯಲ್ಲಿ ಗುಡಿಸುವುದು, ನೀರು ಸುರಿಯುವುದು, ಗುಂಡಿ ಹಾಕುವುದು ಇವೆಲ್ಲ ಪಾಠಗಳಾದವು. 1939ರಲ್ಲಿ ಭಾರತಕ್ಕೆ ಬಂದ ಅವರು ಯುದ್ಧದ ವರ್ಷಗಳಲ್ಲಿ ಕೆಲಕಾಲ ಕೊಡೈಕೆನಾಲ್‌ನಲ್ಲಿದ್ದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರ ಪದ್ಧತಿಯ ಶಾಲೆಗಳಲ್ಲಿ ದುಬಾರಿ ಮರದ ಸಾಮಾನುಗಳಿಂದ ಕಲಿಸುವ ಎಷ್ಟೋ ಸಂಗತಿಗಳಿಗೆ ಬಯಲುಸೀಮೆಯ ಅಡುಗೆಮನೆಯಲ್ಲಿ ಸಾಮಾನು ಮೊದಲೇ ಇದೆ.

ಅಳತೆಯನ್ನೇ ತೆಗೆದುಕೊಳ್ಳಬಹುದು. ಹಳೆಯ ಪಾವು, ಅಚ್ಚೇರು, ಸೇರು ಇನ್ನೂ ಅಟ್ಟದ ಮೇಲಿದ್ದರೆ ಕೆಳಗಿಳಿಸಿ, ಒಂದು ಬುಟ್ಟಿ ರಾಗಿಯನ್ನು ಮುಂದಿಟ್ಟರೆ ಸಾಕು. ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು ಎಂಬುದನ್ನು ಮಗು ತುಂಬಿ, ಸುರಿದು, ಚೆಲ್ಲಿ, ಮತ್ತೆ ತುಂಬಿ ತಾನೇ ಕಂಡುಕೊಳ್ಳುತ್ತದೆ. ಕೆಳಗೆ ಚಾಪೆಯ ಬದಲು ಹಳೆಯ ಪಂಚೆ ಹಾಸಿದರೆ ಚೆಲ್ಲಿದ ರಾಗಿ ಬಳಿಯುವುದು ಸುಲಭ.

ಗೌರಿಬಿದನೂರಿನ ಕಡೆ ಮುಸುಕಿನ ಜೋಳದ ತೆನೆ ಸಿಗುತ್ತದೆ. ಮೊದಲ ಸಾಲು ದೊಡ್ಡವರು ಬಿಡಿಸಿ ಕೊಟ್ಟರೆ ಉಳಿದ ಸಾಲುಗಳನ್ನು ಐದು ವರ್ಷದ ಮಗು ಹೆಬ್ಬೆರಳಿನಿಂದ ತಳ್ಳಿ ಉದುರಿಸುತ್ತದೆ. ಚಿಕ್ಕಬಳ್ಳಾಪುರದಲ್ಲಿ ಸೇವಂತಿಗೆ, ಗುಲಾಬಿಯನ್ನು ಬಣ್ಣದ ಪ್ರಕಾರ, ಮೊಗ್ಗು ಅರಳಿದಷ್ಟರ ಪ್ರಕಾರ ಬೇರೆ ಮಾಡಬಹುದು. ತೋಟದ ಹೂವಿಗೆ ಔಷಧಿ ಹೊಡೆದಿರುತ್ತಾರೆ. ಕೆಲಸ ಮುಗಿದೊಡನೆ ಸೋಪಿನಿಂದ ಕೈ ತೊಳೆಸಲೇಬೇಕು. ಟೊಮೆಟೊ ಬೆಳೆಯುವ ಚಿಂತಾಮಣಿಯಲ್ಲಿ ಚೆನ್ನಾಗಿ ಹಣ್ಣಾದ ಒಂದು ಟೊಮೆಟೊ ಹಿಂಡಿ, ಬೀಜವನ್ನು ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಒಣಗಿಸಿ, ತೆಂಗಿನ ಚಿಪ್ಪಿನ ಮಣ್ಣಿಗೆ ಹಾಕಿದರೆ ವಾರದೊಳಗೋ ಹತ್ತು ದಿನಕ್ಕೋ ಮೊಳಕೆ ಕಾಣುತ್ತದೆ. ಇನ್ನೊಂದು ಚಿಪ್ಪಿನಲ್ಲಿ ಅದೇ ಬೀಜ, ಅದೇ ಮಣ್ಣು ಇಟ್ಟು ನೀರು ಮಾತ್ರ ಹಾಕದೆ ಬಿಟ್ಟರೆ ಅದೊಂದು ಪ್ರಯೋಗವೇ ಆಗುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳುವುದನ್ನೇ ಶಿಕ್ಷಣದ ಜೀವಾಳ ಎಂದು ನಂಬಿದ್ದವರು. ಅವರ ಊರ ಸುತ್ತಮುತ್ತ ಮಗುವೊಂದು ‘ಇದ್ಯಾಕೆ ಮೊಳೆತಿಲ್ಲ?’ ಎಂದು ಕೇಳಿದರೆ ಉತ್ತರ ಹೇಳಿ ಮುಗಿಸಬಾರದು. ‘ನೀನೇ ನೋಡಿ ಹೇಳು’ ಎನ್ನುವುದು ಮೇಲು.

ಶಿಡ್ಲಘಟ್ಟದ ಮಕ್ಕಳಿಗೆ ಸಿಗುವ ಅದೃಷ್ಟವೇ ಬೇರೆ. ರಾಜ್ಯದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಒಂದು ಇರುವ ಊರು ಇದು. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ, ಹುಳು ಮನೆ. ಹುಳು ಮನೆಯೊಳಗೆ ಚಿಕ್ಕ ಮಕ್ಕಳನ್ನು ಬಿಡುವಂತಿಲ್ಲ. ಕೈಕಾಲಿನ ಮೂಲಕ ರೋಗ ಹೊಕ್ಕರೆ ಇಡೀ ಬೆಳೆ ಹೋಗುತ್ತದೆ. ಅದರ ಬದಲು ಎರಡನೇ ಜ್ವರ (ಪೊರೆ ಕಳಚುವ ಹಂತ) ಕಳೆದು ಎದ್ದ ಹತ್ತು ಹುಳುಗಳನ್ನು ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಮನೆಯ ಬೇರೊಂದು ಮೂಲೆಯಲ್ಲಿ ಇಟ್ಟುಕೊಳ್ಳಬಹುದು. ಔಷಧಿ ಹೊಡೆಯದ ಸೊಪ್ಪು ಹಾಕುವುದು, ಹಿಕ್ಕೆ ತೆಗೆಯುವುದು ಮಗುವಿನ ಪಾಲಿನ ಕೆಲಸ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿದರೆ ಹುಳು ಸಾಯುತ್ತವೆ. ಇನ್ನೂ ಎರಡು ಸಲ ಹುಳು ತಲೆ ಎತ್ತಿ ಅಲುಗದೆ ಕೂರುತ್ತದೆ, ಪೊರೆ ಕಳಚಿ ಎದ್ದು ಮತ್ತೆ ಮೇಯುತ್ತದೆ. ಕೊನೆಯ ದಿನಗಳಲ್ಲಿ ಸೊಪ್ಪು ತಿನ್ನುವ ಸದ್ದು ಕಿವಿಗೊಟ್ಟರೆ ಕೇಳುತ್ತದೆ. ಮೊಟ್ಟೆಯೊಡೆದಾಗಿನ ತೂಕದ ಸುಮಾರು ಹತ್ತು ಸಾವಿರ ಪಟ್ಟು ಬೆಳೆದ ಹುಳು ಮೇವು ಬಿಟ್ಟು, ಮೈ ಪಾರದರ್ಶಕವಾಗಿ ಹಣ್ಣಾದಾಗ ಚಂದ್ರಿಕೆಯ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಯ) ಒಂದು ತುಂಡಿಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಒಂದು ಗೂಡನ್ನು ಹಾಗೇ ಬಿಟ್ಟರೆ ಹತ್ತು ಹನ್ನೆರಡು ದಿನದ ಬಳಿಕ ಚಿಟ್ಟೆ ಹೊರಬರುತ್ತದೆ. ಇನ್ನೊಂದನ್ನು ದೊಡ್ಡವರು ಕುದಿಸಿ, ಆರಿಸಿ, ಎಳೆಯ ತುದಿ ಹುಡುಕಿ ಕೊಟ್ಟರೆ ಮಗು ಅದನ್ನು ಕಡ್ಡಿಗೆ ಸುತ್ತುತ್ತ ಹೋಗಬಹುದು. ಒಳ್ಳೆಯ ದ್ವಿತಳಿ ಗೂಡಿನ ಎಳೆ ಒಂದು ಕಿಲೋಮೀಟರ್‌ನಷ್ಟು ಉದ್ದ ಇರುತ್ತದೆ. ಮಗುವಿಗೆ ಸಾಕಾದರೂ ಅದು ಮುಗಿಯುವುದಿಲ್ಲ.

ಇಲ್ಲೊಂದು ಗೆರೆ ಎಳೆಯಬೇಕಾಗಿದೆ. ರಾಜ್ಯದ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಎಳೆಯ ಮಕ್ಕಳು ಬಿಸಿನೀರಿನ ಮುಂದೆ ದಿನವಿಡೀ ದುಡಿದ ಕಾಲವಿತ್ತು. 1986ರ ಬಾಲಕಾರ್ಮಿಕ ಕಾಯ್ದೆ, ಅದರ 2016ರ ತಿದ್ದುಪಡಿ ಬಂದದ್ದು ಅಂಥ ದುಡಿಮೆಯನ್ನು ತಡೆಯಲೆಂದೇ. ಮನೆಯ ಚಟುವಟಿಕೆ ಅದರ ನೆರಳೂ ಆಗಕೂಡದು. ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಸರಳ: ಮಗು ಬೇಡವೆಂದು ಎದ್ದು ಹೋದಾಗ ಮನೆಯ ಕೆಲಸವೇನೂ ನಿಲ್ಲಬಾರದು, ಯಾರೂ ಕರೆದು ಕೂರಿಸಬಾರದು. ನಾಲ್ಕು ವರ್ಷದ ಮಗು ಹತ್ತು ನಿಮಿಷ ಮನಸಿಟ್ಟು ಕೂತರೆ ಅದೇ ಹೆಚ್ಚು.

ಕೆಲಸವಿಲ್ಲದ ಹೊತ್ತಿಗೆ ಅಳಗುಳಿಮಣೆ ಇದೆ. ಏಳೇಳು ಗುಳಿಗಳ ಎರಡು ಸಾಲು, ಹಿಡಿ ತುಂಬ ಹುಣಸೆ ಬೀಜ. ಮಣೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ ಆದೀತು, ಅಂಗಳದ ಮಣ್ಣಲ್ಲಿ ತೋಡಿದ ಗುಳಿಯೂ ಆದೀತು. ನಿಯಮಗಳೆಲ್ಲ ಆರು ವರ್ಷದ ನಂತರ ಬಂದಾವು. ಅದಕ್ಕೂ ಮೊದಲು ಒಂದು ಗುಳಿಗೆ ಒಂದೇ ಬೀಜ ಹಾಕುತ್ತ ಹೋಗುವುದೇ ಮಗುವಿಗೆ ಪೂರ್ತಿ ಆಟ. ಬಾಯಿಪಾಠದ ಒಂದು, ಎರಡು, ಮೂರು ಎಣಿಕೆಯಾಗುವುದು ಇಲ್ಲಿಯೇ.

ಈ ಸೀಮೆಯ ಎಷ್ಟೋ ಮನೆಗಳಲ್ಲಿ ಅಜ್ಜಿ ತೆಲುಗಿನಲ್ಲಿ ಕಥೆ ಹೇಳುತ್ತಾಳೆ, ಅಂಗನವಾಡಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು. ಮಗುವಿಗೆ ಗೊಂದಲವಾದೀತೆಂದು ಅಜ್ಜಿಯ ಬಾಯಿ ಕಟ್ಟುವುದು ದೊಡ್ಡ ನಷ್ಟ. ಕಾಳು ಸುಲಿಯುತ್ತ ಆಡುವ ಮಾತು ಯಾವ ಭಾಷೆಯದಾದರೂ ಮಗುವಿನ ಪದಸಂಪತ್ತಿಗೆ ಸೇರುತ್ತದೆ. ಮೊಬೈಲ್‌ಗೆ ಆ ಜಾಗ ಕೊಡಬಾರದು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆಯ ಮುಂದೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಅದಕ್ಕೂ ಕಡಿಮೆಯಾದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಮೂರು ವರ್ಷದೊಳಗಿನ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತದೆ. ಹುಣಸೆ ಬೀಜ, ಜೋಳ, ಅವರೆಕಾಳು ಶ್ವಾಸನಾಳಕ್ಕೆ ಸಿಕ್ಕರೆ ಪ್ರಾಣಾಪಾಯ. ಕಡಲೆಕಾಯಿ ಬೀಜವಂತೂ ನಾಲ್ಕು ತುಂಬುವವರೆಗೆ ಇಡಿಯಾಗಿ ಕೊಡಬಾರದು. ಮೂರು ತುಂಬದವರಿಗೆ ಆಲೂಗಡ್ಡೆ, ಈರುಳ್ಳಿಯನ್ನು ಒಂದು ಪುಟ್ಟಿಯಿಂದ ಇನ್ನೊಂದಕ್ಕೆ ಹಾಕುವುದು, ಲೋಟದಿಂದ ಲೋಟಕ್ಕೆ ನೀರು ಸುರಿಯುವುದು, ಚಪಾತಿ ಹಿಟ್ಟಿನ ಉಂಡೆ ತಟ್ಟುವುದು ಸರಿಹೋಗುತ್ತದೆ. ನೀರಿನ ಆಟಕ್ಕೆ ಬಕೆಟ್ ಬೇಡ, ಅಗಲವಾದ ತಟ್ಟೆ ಸಾಕು. ಆಟ ಮುಗಿದೊಡನೆ ನೀರನ್ನು ಗಿಡಕ್ಕೆ ಚೆಲ್ಲಿ ತಟ್ಟೆಯನ್ನು ಬೋರಲು ಹಾಕಬೇಕು. ಮಗುವಿನ ಮುಂದೆ ಕಾಳು ಅಥವಾ ನೀರು ಇರುವಷ್ಟು ಹೊತ್ತೂ ದೊಡ್ಡವರೊಬ್ಬರು ಪಕ್ಕದಲ್ಲೇ ಕೂತಿರಬೇಕು.