ಕಲಿಯುವ ತನಕ ಬ್ರಹ್ಮವಿದ್ಯೆ



ನಿಮ್ಮ ಅಂಗೈಯನ್ನೊಮ್ಮೆ ಮೇಜಿನ ಮೇಲಿಟ್ಟು ನೋಡಿ. ಪಕ್ಕದಲ್ಲಿ ನಿಮ್ಮ ತಂದೆಯವರ ಕೈ ಇಡಲು ಹೇಳಿ. ಎರಡೂ ಕೈಗಳೇ; ಆದರೂ ಒಂದರಂತೆ ಇನ್ನೊಂದಿಲ್ಲ. ಈ ಹೋಲಿಕೆ, ವ್ಯತ್ಯಾಸಗಳನ್ನು ಅಂಕಿಗಳಲ್ಲಿ ಹಿಡಿದಿಡುವ ಶಾಸ್ತ್ರವೊಂದಿದೆ. ಸ್ಟಾಟಿಸ್ಟಿಕಲ್ ಶೇಪ್ ಮಾಡೆಲಿಂಗ್ ಎಂದು ಅದರ ಹೆಸರು. ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಸಂಸಾರ ನಡೆಸಿದ ನನಗೂ ಅದಕ್ಕೂ ಏನು ಸಂಬಂಧ ಎನ್ನುವಿರಾ? ಕೇಳಿ.

2019ರಲ್ಲಿ ಹುಬ್ಬಳ್ಳಿಯಲ್ಲಿರುವ ನನ್ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ವೈದ್ಯರು ಎಕ್ಸ್-ರೇ ತೋರಿಸಿ, "ಇನ್ನೊಂದು ಕಾಲನ್ನು ನೋಡಿಕೊಂಡು ಇದನ್ನು ಸರಿಹೊಂದಿಸುತ್ತೇವೆ" ಎಂದರು. "ಎರಡೂ ಮುರಿದಿದ್ದರೆ?" ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲೇ ಉಳಿಯಿತು.

ಮುಂದೆ ನನ್ನ ಮಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯವು ಫ್ಯೂಚರ್‌ಲರ್ನ್ ಮೂಲಕ ನಡೆಸಿದ ಉಚಿತ ಪಾಠಕ್ಕೆ ಹೆಸರು ಹಚ್ಚಿದಳು. ಎರಡನೆಯ ವಾರಕ್ಕೇ ಕೈಬಿಟ್ಟಳು. ಪಾಠದಲ್ಲಿ ತೊಡೆಮೂಳೆಯ ಚಿತ್ರ ಕಂಡು ನಾನು ಅವಳ ಕುರ್ಚಿಯಲ್ಲಿ ಕುಳಿತೆ. "ಹುಡುಗಿಗೆ ಗಣಿತವೇಕೆ?" ಎಂದು ಮನೆಯಲ್ಲಿ ಬಿಡಿಸಿದ ವಿದ್ಯೆ ಐವತ್ತು ದಾಟಿದ ಮೇಲೆ ಎದುರಿಗೆ ಬಂದು ನಿಂತಿತ್ತು.

ತಿಳಿದದ್ದನ್ನು ಹೇಳುತ್ತೇನೆ. ಮೊದಲು ಹಲವರ ಮೂಳೆಗಳ ಮೇಲೆ ಒಂದಕ್ಕೊಂದು ಸರಿಸಮವಾದ ಬಿಂದುಗಳನ್ನು ಗುರುತಿಸಬೇಕು. ಹೆಬ್ಬೆರಳ ತುದಿಗೆ ಹೆಬ್ಬೆರಳ ತುದಿಯೇ ಜೋಡಿ ಎನ್ನುವಂತೆ. ಬಳಿಕ ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಬೇಕು. ರೊಟ್ಟಿಯನ್ನು ತಟ್ಟೆಯಲ್ಲಿ ಹೇಗೆ ತಿರುಗಿಸಿಟ್ಟರೂ ಅದರ ಆಕಾರ ಬದಲಾಗದಷ್ಟೆ! ಆಮೇಲೆ ಸರಾಸರಿ ಆಕಾರ ತೆಗೆದು, ಅದರಿಂದ ಪ್ರತಿಯೊಂದೂ ಎತ್ತ, ಎಷ್ಟು ಸರಿದಿದೆ ಎಂದು ಲೆಕ್ಕ ಹಾಕಬೇಕು. ಹೀಗೆ ಸರಿಯುವ ಮುಖ್ಯ ದಿಕ್ಕುಗಳು ಕೆಲವೇ. ಮೂಳೆಯ ಒಂದು ತುಂಡು ದೊರೆತರೂ ಸಾಕು, ಉಳಿದ ಭಾಗ ಬಹುಮಟ್ಟಿಗೆ ಹೇಗಿದ್ದೀತೆಂದು ಊಹಿಸಬಹುದು. ನನ್ನ ಪ್ರಶ್ನೆಗೆ ಉತ್ತರ ಇಲ್ಲಿತ್ತು! ಆದರೆ ನೋಡದ ಬಗೆಯ ಮೂಳೆಯನ್ನು ಈ ಲೆಕ್ಕ ಊಹಿಸಲಾರದು. ಯಾರ ಮೂಳೆಗಳಿಂದ ಕಲಿಸಿದ್ದೇವೆ ಎಂಬುದೇ ಮುಖ್ಯ.

ಇದು ನಿನ್ನೆಯ ವಿಚಾರವಲ್ಲ. 1917ರಲ್ಲೇ ಡಾರ್ಸಿ ಥಾಂಪ್ಸನ್ ಅವರು ಮೀನಿನ ಚಿತ್ರದ ಮೇಲೆ ಚೌಕಳಿ ಎಳೆದು, ಚೌಕಳಿ ಬಗ್ಗಿಸಿ ಇನ್ನೊಂದು ಜಾತಿಯ ಮೀನನ್ನು ಪಡೆದು ತೋರಿಸಿದ್ದರು. 1999ರಲ್ಲಿ ಫೋಲ್ಕರ್ ಬ್ಲಾನ್ಸ್ ಮತ್ತು ಥಾಮಸ್ ವೆಟ್ಟರ್ ಅವರು ಮಾನವ ಮುಖಗಳಿಗೆ ಇಂಥ ಮಾದರಿ ಕಟ್ಟಿದರು. ವೆಟ್ಟರ್ ಅವರು ಮುಂದೆ ಬಾಸೆಲ್‌ನಲ್ಲಿ ಪ್ರಾಧ್ಯಾಪಕರಾದರು. ನಮ್ಮವರ ಪಾಲೂ ಇದೆ! ಒಂದು ಆಕಾರ ಸರಾಸರಿಯಿಂದ ಎಷ್ಟು ದೂರ ಎಂದು ಅಳೆಯುವುದಕ್ಕೆ ಬಳಸುವುದು ಕಲ್ಕತ್ತೆಯ ಪಿ.ಸಿ. ಮಹಾಲನೋಬಿಸ್ ಅವರು 1936ರಲ್ಲಿ ಮಂಡಿಸಿದ ಅಳತೆ.

ಮಗಳು ಮರಳಿ ಬಂದದ್ದು ಹೇಗೆ ಗೊತ್ತೇ? ಒಂದು ಸಂಜೆ "ಅಮ್ಮ, ಮೀನ್ ಎಂದರೆ ಕನ್ನಡದಲ್ಲಿ ಏನು?" ಎಂದಳು. "ಸರಾಸರಿ" ಎಂದೆ. ಪುಣೆಯಲ್ಲಿ ಓದಿದ ಅವಳಿಗೆ ಶಬ್ದ ಹೊಸದು. ಕನ್ನಡ ಶಾಲೆಯಲ್ಲಿ ಓದಿದ ನನಗೆ ಲೆಕ್ಕ ಹೊಸದು. ನನಗೆ ಕನ್ನಡದಲ್ಲಿ ಬಿಡಿಸಿ ಹೇಳಲು ಹೋಗಿ, ತನಗೆ ಅರ್ಥವಾಗದೆ ಉಳಿದದ್ದು ಎಲ್ಲಿ ಎಂದು ಅವಳಿಗೇ ತಿಳಿಯಿತು. ಸ್ಕಾಲಿಸ್ಮೊ ಎಂಬ ಮುಕ್ತ ತಂತ್ರಾಂಶದಲ್ಲಿ ಪ್ರೋಗ್ರಾಂ ಬರೆಯುವ ಭಾಗ ನನಗೆ ಕೊನೆಗೂ ಒಲಿಯಲಿಲ್ಲ. ಅದನ್ನು ಅವಳೇ ಬರೆದಳು. ಪರದೆಯ ಮೇಲೆ ಅರ್ಧ ಮೂಳೆ ಪೂರ್ಣವಾದಾಗ ಇಬ್ಬರೂ ಸುಮ್ಮನೆ ನೋಡುತ್ತ ಕುಳಿತೆವು.

ಈಗ ಕೋಲು ಹಿಡಿದು ಓಡಾಡುವ ನನ್ನ ತಾಯಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. "ಅಂದ್ರ ನನ್ನ ಕಾಲು ಮುರಿದದ್ದಕ್ಕ ನಿನಗ ವಿದ್ಯಾ ಬಂತು ಅನ್ನು!" ಎಂದು ನಕ್ಕರು.

ಮಿತ್ರರೇ, ಕಲಿಯುವ ತನಕ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ ಎನ್ನುತ್ತಾರೆ ಹಿರಿಯರು. ನೀವೂ ಯಾವುದೋ ಪಾಠವನ್ನು ಅರ್ಧಕ್ಕೆ ಬಿಟ್ಟಿರಬಹುದು. ಇಂದು ರಾತ್ರಿ ಅದನ್ನು ತೆರೆಯಿರಿ. ಅರ್ಥವಾಗದಿದ್ದರೆ ಅಡುಗೆಮನೆಗೆ ಹೋಗಿ, ಅಮ್ಮನಿಗೆ ಕನ್ನಡದಲ್ಲಿ ಹೇಳಿ ನೋಡಿ. ಆಕೆ ಕೇಳುವ ಮೊದಲ ಪ್ರಶ್ನೆಯಲ್ಲೇ ನಿಮ್ಮ ದಾರಿ ಇರಬಹುದು!