ಸಂಚಿಯ ಕಡೆಗೆ ಹೋಗುವ ಕೈ

ನಾವು ಹೊಗೆಸೊಪ್ಪೆಂದು ಕರೆಯುವ ಎಲೆಯಿಂದ ನಮ್ಮ ನಾಡಿನಲ್ಲಿ ಬಹುಪಾಲು ಹೊಗೆಯೇ ಏಳುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಸೇದುವವರು ನೂರಕ್ಕೆ ಸುಮಾರು 9 ಮಂದಿಯಾದರೆ, ಜಗಿಯುವುದೇ ಮೊದಲಾದ ರೀತಿಗಳಲ್ಲಿ ಹೊಗೆಯಿಲ್ಲದ ತಂಬಾಕನ್ನು ಬಳಸುವವರು ಸುಮಾರು 16 ಮಂದಿ. ಅಮೆರಿಕ ಖಂಡದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗುಗಳೊಡನೆ ನಮ್ಮ ಕರಾವಳಿಗೆ ಬಂದಿಳಿದ ಈ ಗಿಡವು, ಇಲ್ಲಿ ಬಹುಕಾಲದಿಂದ ಮನ್ನಣೆ ಪಡೆದಿದ್ದ ತಾಂಬೂಲದ ಮಡಿಕೆಯೊಳಗೆ ಸೇರಿಕೊಂಡು, ಅದರ ಮರ್ಯಾದೆಯನ್ನೇ ತನ್ನದಾಗಿಸಿಕೊಂಡಿತು.

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮಗ್ಗದ ಮುಂದೆ ನಿಂತವನನ್ನು ನೋಡಿರಿ. ಎರಡು ಕೈಗೂ ಕೆಲಸವಿದೆ; ನೂಲಿನ ನಡುವೆ ಬೀಡಿ ಹಚ್ಚುವಂತಿಲ್ಲ. ಕಂಡಿಕೆಯ ನೂಲು ಮುಗಿದು ಮಗ್ಗ ನಿಂತ ಗಳಿಗೆಯಲ್ಲಿ ಆತನು ಸಂಚಿಯನ್ನು ಬಿಚ್ಚಿ, ವೀಳ್ಯದೆಲೆಯ ಬೆನ್ನಿಗೆ ಬೆರಳ ತುದಿಯಷ್ಟು ಸುಣ್ಣವನ್ನು ಸವರಿ, ಅಡಿಕೆಯ ಚೂರನ್ನಿಟ್ಟು ಮಡಿಸಿ ಬಾಯಿಗೆ ಹಾಕಿಕೊಂಡು, ಅದು ಹದವಾಗಿ ನುರಿದ ಮೇಲೆ ಒಂದು ಚಿಟಿಕೆ ತಂಬಾಕಿನ ಕಡ್ಡಿಪುಡಿಯನ್ನು ದವಡೆಯ ಸಂದಿಗೆ ಒತ್ತರಿಸುತ್ತಾನೆ. ಸುಣ್ಣದ ಕ್ಷಾರಗುಣವು ತಂಬಾಕಿನ ನಿಕೋಟಿನನ್ನು ಬಿಡಿಸಿ, ಕೆನ್ನೆಯ ತೆಳುವಾದ ಒಳಪೊರೆಯ ಮೂಲಕ ರಕ್ತಕ್ಕೆ ದಾಟಿಸುತ್ತದೆ. ರಕ್ತದಲ್ಲಿ ಆ ಅಂಶವು ಸುಮಾರು 2 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ, ಗಡಿಯಾರವನ್ನು ನೋಡದೆಯೇ ಕೈ ಮತ್ತೆ ಸಂಚಿಯತ್ತ ಹೋಗುತ್ತದೆ.

ಹೀಗೆ ಮೂವತ್ತು ವರ್ಷ ಕಳೆದ ಮೇಲೆ ಬಿಡಬೇಕೆನ್ನುವವನಿಗೆ ಎರಡು ಗಂಟುಗಳಿವೆ: ಒಂದು ರಕ್ತದ್ದು, ಇನ್ನೊಂದು ಕೈಯದು. ರಕ್ತದ ಗಂಟು ಬಿಗಿಯಾಗಿ ಕಂಡರೂ ಬೇಗ ಸಡಿಲುವಂಥದು. ಮೊದಲ ಎರಡು ಮೂರು ದಿನ ಸಿಡುಕು, ನಿದ್ರಾಭಂಗ, ತಲೆಭಾರಗಳು ತೀವ್ರವಾಗಿದ್ದು, ಕೆಲವು ವಾರಗಳಲ್ಲಿ ಇಳಿದುಹೋಗುತ್ತವೆ. “ಕಡ್ಡಿಪುಡಿ ಹಾಕದಿದ್ದರೆ ಬೆಳಗ್ಗೆ ಹೊಟ್ಟೆ ಕಳೆಯೋದಿಲ್ಲ ಸ್ವಾಮಿ” ಎಂಬ ಮಾತು ಬರಿಯ ನೆವವಲ್ಲ. ನಿಕೋಟಿನ್ ಕರುಳನ್ನು ಕೆರಳಿಸುವುದು ನಿಜ. ಧಾರಾಳವಾಗಿ ನೀರು ಕುಡಿದು, ಸೊಪ್ಪು ತರಕಾರಿ ಉಂಡರೆ ಕರುಳು ತನ್ನ ಹಳೆಯ ನಡೆಗೆ ಮರಳುತ್ತದೆ. ಚಟ ಬಲವಾಗಿದ್ದಲ್ಲಿ ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್ಮನ್ನು ಬಳಸಬಹುದು. ಅದನ್ನು ಮಿಠಾಯಿಯಂತೆ ಅಗಿಯುತ್ತಲೇ ಇರಬಾರದು; ನಾಲ್ಕಾರು ಸಲ ಅಗಿದು, ಖಾರವೆನಿಸಿದೊಡನೆ ಕೆನ್ನೆಯ ಸಂದಿಯಲ್ಲಿರಿಸಿ, ಆ ರುಚಿ ಇಳಿದ ಮೇಲೆ ಮತ್ತೆ ಅಗಿಯಬೇಕು.

ಕೈಯ ಗಂಟಾದರೋ ಗಟ್ಟಿ. ತಂಬಾಕನ್ನು ತೊರೆದವನ ಕೈ ತಿಂಗಳುಗಳ ಮೇಲೂ ಮಗ್ಗ ನಿಂತೊಡನೆ ಸಂಚಿಯಿದ್ದ ಸೊಂಟವನ್ನು ತಡವುತ್ತದೆ. ಆ ಸೆಳೆತಕ್ಕೆ ಕೆಲವೇ ನಿಮಿಷಗಳ ಆಯುಸ್ಸು. ಅಷ್ಟು ಹೊತ್ತು ಒಂದು ಲೋಟ ನೀರಿನಿಂದಲೋ, ಎರಡು ಲವಂಗದಿಂದಲೋ, ಒಣಗಿಸಿದ ನೆಲ್ಲಿಕಾಯಿಯ ಚೂರಿನಿಂದಲೋ ಬಾಯಿಯನ್ನು ಒಪ್ಪಿಸಬಹುದು. ಹಳೆಯ ಸಂಚಿಯ ವಾಸನೆಯೇ ಆಸೆಯನ್ನು ಕೆರಳಿಸುವುದಾದುದರಿಂದ, ಇವುಗಳಿಗೆ ಹೊಸದೊಂದು ಡಬ್ಬಿಯೇ ಆಗಬೇಕು. ಒಮ್ಮೆ ತಪ್ಪಿದರೆ ಎಲ್ಲವೂ ಮುಗಿಯಿತೆನ್ನಬೇಕಾಗಿಲ್ಲ. ಕಡೆಗೆ ಬಿಟ್ಟವರಲ್ಲಿ ಅನೇಕರು ಹಲವು ಸಲ ಸೋತವರೇ. 1800-11-2356 ಎಂಬ ಉಚಿತ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಬಾಯಲ್ಲಿ ಬಿಳಿಯ ಮಚ್ಚೆಯೋ ಮೂರು ವಾರಕ್ಕೂ ಮಾಯದ ಹುಣ್ಣೋ ಇದ್ದರೆ, ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯದಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ಕಡ್ಡಿಪುಡಿಯನ್ನಷ್ಟೇ ಬಿಟ್ಟು ಎಲೆಯಡಿಕೆಯನ್ನು ಉಳಿಸಿಕೊಳ್ಳಬಹುದೆ? ಕೂಡದು. ತಂಬಾಕು ಸೇರದ ಅಡಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರಲ್ಲಿ ಸಾರಿತು; ಮೇಲಾಗಿ ಅಡಿಕೆಯ ಹಿಂದೆಯೇ ಕಡ್ಡಿಪುಡಿಯ ನೆನಪೂ ಬರುತ್ತದೆ. ಹಾಗಾದರೆ ನೆಂಟರ ಮನೆಯಲ್ಲಿ ತಟ್ಟೆ ಮುಂದೆ ಬಂದಾಗ ಮಾಡುವುದೇನು? ಮದುವೆಯ ಮನೆಯಲ್ಲಿ ತೆಂಗಿನಕಾಯಿಯೊಡನೆ ಕೊಟ್ಟ ತಾಂಬೂಲವನ್ನು ನಾವು ಅಲ್ಲಿಯೇ ಅಗಿಯುತ್ತ ನಿಲ್ಲುವುದಿಲ್ಲ; ಎರಡು ಕೈಯೊಡ್ಡಿ ಪಡೆದು, ಚೀಲದಲ್ಲಿರಿಸಿಕೊಂಡು ಮನೆಗೆ ಬರುತ್ತೇವೆ. ಕೊಟ್ಟವರಾರೂ ಇದರಿಂದ ನೊಂದುಕೊಂಡುದಿಲ್ಲ. ನೆಂಟರ ತಟ್ಟೆಗೂ ಅದೇ ನಡೆ ಸಾಕು.