ಬೋರ್ ನೀರಲ್ಲಿ ಯುರೇನಿಯಂ: ಜಿಯೋಲೈಟ್ ಹಾಕಿದ್ರೆ ಹೋಗುತ್ತಾ?

"ಅಣ್ಣ, ಜಪಾನ್‌ನಲ್ಲಿ ಅಣುಸ್ಥಾವರದ ನೀರನ್ನೇ ಜಿಯೋಲೈಟ್‌ನಿಂದ ಶುದ್ಧ ಮಾಡಿದ್ರಂತೆ. ನಮ್ಮ ಬೋರ್ ನೀರಿನ ಯುರೇನಿಯಂಗೂ ಅದನ್ನೇ ಹಾಕಬಹುದಾ?" ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹುಡುಗರು ನನ್ನನ್ನ ಆಗಾಗ ಕೇಳೋ ಪ್ರಶ್ನೆ ಇದು. ಮೀನಿನ ಹೊಂಡಕ್ಕೆ, ಮಣ್ಣಿಗೆ ಅಂತ ಜಿಯೋಲೈಟ್ ಮೂಟೆ ಮಾರಾಟಕ್ಕೆ ಸಿಗೋದ್ರಿಂದ ಹಾಗನ್ನಿಸೋದು ಸಹಜ. ಆದರೆ ನನ್ನ ಉತ್ತರ: ಬೇಡ. ಯಾಕೆ ಅಂತ ಹೇಳ್ತೀನಿ.

ಯುರೇನಿಯಂ ಬಂದದ್ದು ಎಲ್ಲಿಂದ?

ಯಾವ ಕಾರ್ಖಾನೆಯಿಂದಲೂ ಅಲ್ಲ, ನಮ್ಮ ಕಾಲಡಿಯ ಗ್ರಾನೈಟ್ ಬಂಡೆಯಿಂದ. ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಅದು ನಿಧಾನವಾಗಿ ಕರಗಿ ಸೇರುತ್ತೆ. ಕುಡಿಯುವ ನೀರಿನಲ್ಲಿ ಲೀಟರಿಗೆ 30 ಮೈಕ್ರೋಗ್ರಾಂ ದಾಟಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ವಿಜ್ಞಾನಿಗಳು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿದಾಗ 57 ಹಳ್ಳಿಗಳಲ್ಲಿ ಈ ಮಿತಿ ದಾಟಿತ್ತು. ಇಲ್ಲಿ ವಿಕಿರಣಕ್ಕಿಂತ ಹೆಚ್ಚಿನ ಅಪಾಯ ಅದರ ರಾಸಾಯನಿಕ ವಿಷದ್ದು. ಮೊದಲು ಪೆಟ್ಟು ಬೀಳೋದು ಮೂತ್ರಪಿಂಡಕ್ಕೆ.

ರಂಧ್ರ ಇದ್ದರೆ ಸಾಲದು

ಎರೆಮಣ್ಣು ಪೊಟ್ಯಾಶ್ ಹಿಡಿದಿಟ್ಟುಕೊಳ್ಳೋದು ನಿಮಗೆ ಗೊತ್ತು. ಮಣ್ಣಿನ ಕಣದ ಮೇಲೆ ಋಣ ವಿದ್ಯುದಂಶ ಇರುತ್ತೆ, ಪೊಟ್ಯಾಶಿಯಂ ಧನ, ಎರಡೂ ಅಂಟಿಕೊಳ್ಳುತ್ತವೆ. ಜಿಯೋಲೈಟ್ ಕೆಲಸವೂ ಅದೇ. ಅದರ ತುಂಬ ಅತಿ ಸಣ್ಣ ಗೂಡುಗಳು. 2011ರಲ್ಲಿ ಫುಕುಶಿಮಾ ಸ್ಥಾವರದ ನೀರಲ್ಲಿದ್ದ ಸೀಸಿಯಂ ಪೊಟ್ಯಾಶಿಯಂನ ದಾಯಾದಿ, ಅದೂ ಧನ. ಗೂಡಿಗೆ ಸರಿಯಾಗಿ ಕೂತುಬಿಡ್ತು. ಆದರೆ ಅದೇ ನೀರಿನ ಟ್ರಿಟಿಯಂ ಸಿಗಲಿಲ್ಲ. ಅದು ನೀರಿನ ಅಣುವಿನಲ್ಲೇ ಸೇರಿಕೊಂಡಿರುತ್ತೆ, ಬೇರ್ಪಡಿಸೋದು ಹೇಗೆ?

ನಮ್ಮ ಗಡಸು ನೀರಲ್ಲಿ ಯುರೇನಿಯಂ ಒಂಟಿಯಾಗಿ ಇರಲ್ಲ, ಕಾರ್ಬೊನೇಟ್ ಜೊತೆ ಕೂಡಿಕೊಂಡಿರುತ್ತೆ. ಆ ಜೋಡಿಗೆ ಸಾಮಾನ್ಯವಾಗಿ ಋಣ ವಿದ್ಯುದಂಶ, ಕೆಲವೊಮ್ಮೆ ಯಾವುದೂ ಇಲ್ಲ. ಹಾಗಾಗಿ ಜಿಯೋಲೈಟ್ ಅದನ್ನು ಹತ್ತಿರ ಸೇರಿಸಲ್ಲ. ಮನೆಯಲ್ಲಿ ಸುಟ್ಟ ಇದ್ದಿಲು, ಬಯೋಚಾರ್ ಕೂಡ ಬಣ್ಣ, ವಾಸನೆಗೆ ಸರಿ, ಇದಕ್ಕೆ ನಂಬಿ ಕೂರುವಂತಿಲ್ಲ. ಇದಕ್ಕೆ ಒಗ್ಗೋದು ಋಣ ಕಣಗಳನ್ನು ಹಿಡಿಯುವ ಆನಯಾನ್ ರೆಸಿನ್. ಇನ್ನೊಂದು ದಾರಿ ಆರ್‌ಒ, ಅದು ಅಂಟಿಸಿಕೊಳ್ಳಲ್ಲ, ಪೊರೆಯಿಂದ ಸೋಸುತ್ತೆ.

ಹಾಗಾದ್ರೆ ಏನು ಮಾಡೋದು?

• ಮೊದಲು ಪರೀಕ್ಷೆ. ಟಿಡಿಎಸ್ ಮೀಟರ್ ಯುರೇನಿಯಂ ತೋರಿಸಲ್ಲ. ಮಾಮೂಲಿ ನೀರಿನ ಪರೀಕ್ಷೆಯಲ್ಲೂ ಅದು ಬರದೇ ಇರಬಹುದು. "ಯುರೇನಿಯಂ ಬೇಕು" ಅಂತ ಬಾಯಿಬಿಟ್ಟು ಕೇಳಿ. ಬಾಟಲಿ ಲ್ಯಾಬಿನಿಂದಲೇ ತನ್ನಿ, ಮೋಟರ್ ಸ್ವಲ್ಪ ಹೊತ್ತು ಓಡಿಸಿ ಆಮೇಲೆ ತುಂಬಿಸಿ.

• ಕುದಿಸಬೇಡಿ. ನೀರು ಆವಿಯಾಗುತ್ತೆ, ಯುರೇನಿಯಂ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತೆ.

• ಫಿಲ್ಟರ್ ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: "ಯುರೇನಿಯಂಗೆ ಪರೀಕ್ಷೆ ಮಾಡಿದ ವರದಿ ಇದೆಯಾ?" ಹಾಕಿಸಿದ ಮೇಲೆ ಒಳಗೆ ಹೋಗುವ ನೀರು, ಹೊರಗೆ ಬರುವ ನೀರು ಎರಡನ್ನೂ ಪರೀಕ್ಷಿಸಿ. ರೆಸಿನ್ ತುಂಬಿದ ಮೇಲೆ ಹಿಡಿಯೋದು ನಿಲ್ಲುತ್ತೆ, ರುಚಿಯಲ್ಲಿ ಅದು ಗೊತ್ತಾಗಲ್ಲ.

• ಆರ್‌ಒ ಹೊರಹಾಕುವ ನೀರಲ್ಲಿ ಉಪ್ಪು, ಯುರೇನಿಯಂ ಎರಡೂ ಮೂಲ ನೀರಿಗಿಂತ ಹೆಚ್ಚಿರುತ್ತೆ. ಊರಿನ ಘಟಕದ ಆ ನೀರು ದನದ ತೊಟ್ಟಿಗೆ, ಕೈತೋಟಕ್ಕೆ ಹೋಗ್ತಾ ಇದ್ದರೆ ಪಂಚಾಯಿತಿಯಲ್ಲಿ ಮಾತೆತ್ತಿ.

• ಹಳೆಯ ರೆಸಿನ್ ತಿಪ್ಪೆಗೆ ಸುರಿಯಬೇಡಿ. ಹಿಡಿದದ್ದು ಮಾಯವಾಗಿಲ್ಲ, ಅದರೊಳಗೇ ಇದೆ. ಕೊಟ್ಟವರೇ ವಾಪಸ್ ಒಯ್ಯಬೇಕು ಅಂತ ಖರೀದಿಗೆ ಮೊದಲೇ ಬರೆಸಿಕೊಳ್ಳಿ.

ತೋಟಕ್ಕೆ ಇದೇ ನೀರು ಬಿಡ್ತಿದ್ರೆ? ಯುರೇನಿಯಂ ಹೆಚ್ಚಾಗಿ ಮಣ್ಣಲ್ಲಿ, ಬೇರಲ್ಲಿ ನಿಲ್ಲುತ್ತೆ, ಕಾಯಿ-ಹಣ್ಣಿಗೆ ಹೋಗೋದು ಕಡಿಮೆ. ಮೂಲಂಗಿ, ಕ್ಯಾರೆಟ್ ಚೆನ್ನಾಗಿ ತೊಳೆದು ಸಿಪ್ಪೆ ಹೆರೆದು ಬಳಸಿ. ಮೊದಲು ಸರಿಯಾಗಬೇಕಾದದ್ದು ಕುಡಿಯುವ ಕೊಡ. ಚಾವಣಿಯ ಮಳೆನೀರು ಬಂಡೆ ಮುಟ್ಟಿರಲ್ಲ. ಅದನ್ನು ಸೋಸಿ ಮುಚ್ಚಿದ ತೊಟ್ಟಿಯಲ್ಲಿ ಕೂಡಿಟ್ಟು, ಕಾಯಿಸಿ ಕುಡಿದರೆ ಎಷ್ಟು ದಿನ ಬರುತ್ತೋ ಅಷ್ಟು ದಿನ ಬೋರ್ ನೀರಿನ ಹಂಗಿಲ್ಲ.